ಅಂತರ್ಜಾಲದಲ್ಲಿ ಮನೆಗೊಂದು ವಿಳಾಸ ಬೇಡವೇ?

2023ರ ಜೂನ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ ನಮ್ಮ ಬಡಾವಣೆಯ ಹಿರಿಯರೊಬ್ಬರು ಮನೆಗೆ ಬಂದರು. ಕಾಫಿ ಕುಡಿದು, ಬಾರದ ಮಳೆಯ ಬಗ್ಗೆ ನಾಲ್ಕು ಮಾತಾಡಿ, ಏಳುವ ಹೊತ್ತಿಗೆ, ‘ಸಂಘದ ಲೆಕ್ಕಪತ್ರ ಅಂತರ್ಜಾಲದಲ್ಲಿ ಕಾಣುತ್ತಿಲ್ಲವಲ್ಲ ಸಾರ್? ಮಹಾಸಭೆಗೆ ಇನ್ನು ಎರಡೇ ವಾರ. ಜನ ಏನೇನೋ ಮಾತಾಡಿಕೊಳ್ಳುತ್ತಾರೆ’ ಎಂದರು. ಅವರ ದನಿಯಲ್ಲಿ ಆರೋಪವಿರಲಿಲ್ಲ, ಪ್ರಶ್ನೆಯಂತೂ ಇತ್ತು. ಮೂರು ದಶಕಗಳಿಗೂ ಹೆಚ್ಚು ಕಾಲ ಸರ್ಕಾರಿ ಸೇವೆಯಲ್ಲಿದ್ದು, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳಿಗೆಲ್ಲ ಉತ್ತರ ಬರೆದು ನಿವೃತ್ತನಾದ ನನಗೆ ಆ ಪ್ರಶ್ನೆ ಚುಚ್ಚಿತು.

ನಿವೃತ್ತಿಯ ನಂತರ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘದ ಖಜಾಂಚಿಯ ಹೊಣೆ ನನ್ನ ಹೆಗಲಿಗೇರಿತ್ತು. 140 ಮನೆಗಳ ವಂತಿಗೆ, ಟ್ಯಾಂಕರ್ ನೀರಿನ ಬಿಲ್ಲು, ಕೊಳವೆಬಾವಿಯ ಮೋಟಾರಿನ ದುರಸ್ತಿ, ಕಾವಲುಗಾರರ ಸಂಬಳ ಇವಿಷ್ಟೇ ಅದರ ಆಯವ್ಯಯ. ಹಣ ಸಣ್ಣದಾದರೂ ಸಂಶಯ ಸಣ್ಣದಾಗಿರುವುದಿಲ್ಲ ಎಂಬುದನ್ನು ಬಲ್ಲವನಾದ್ದರಿಂದ, ಪ್ರತಿಯೊಂದು ರಸೀದಿಯನ್ನೂ ಎಲ್ಲರೂ ನೋಡುವಂತೆ ಒಂದು ಜಾಲತಾಣದಲ್ಲಿಡಲು ತೀರ್ಮಾನಿಸಿದೆ. ಅದಕ್ಕಾಗಿ ಹಣ ಸುರಿಯಲಿಲ್ಲ. ಮಗಳು ಬಿಟ್ಟುಹೋಗಿದ್ದ ಹಳೆಯ ಗಣಕಯಂತ್ರಕ್ಕೆ ಉಚಿತವಾಗಿ ದೊರೆಯುವ ಲಿನಕ್ಸ್ ಹಾಕಿ, ಎಂಜಿನ್‌ಎಕ್ಸ್ ಎಂಬ ಸರ್ವರ್ ತಂತ್ರಾಂಶವನ್ನು ಸ್ಥಾಪಿಸಿ, ಪುಸ್ತಕದ ಕಪಾಟಿನ ಕೆಳಗಿಟ್ಟೆ. ನಾನು ತಂತ್ರಜ್ಞನಲ್ಲ, ಓದಿದ್ದು ಅರ್ಥಶಾಸ್ತ್ರ. ಸೇವೆಯ ಕೊನೆಯ ವರ್ಷಗಳಲ್ಲಿ ಕಚೇರಿಯ ತರುಣ ಸಿಬ್ಬಂದಿಯಿಂದ ಕಲಿತ ಅಲ್ಪಸ್ವಲ್ಪವೇ ನನ್ನ ಬಂಡವಾಳ. ಮೂರು ವರ್ಷ ಆ ಯಂತ್ರ ತಕರಾರಿಲ್ಲದೆ ನಡೆದಿತ್ತು.

‘ನೋಡಿ, ತೆರೆಯುತ್ತಿದೆಯಲ್ಲ’ ಎಂದು ನನ್ನ ಮೇಜಿನ ಮೇಲೆ ಲೆಕ್ಕದ ಪುಟ ತೋರಿಸಿದೆ. ಅವರು ತಮ್ಮ ಮೊಬೈಲ್ ತೆಗೆದು ತೋರಿಸಿದರು. ಅಲ್ಲಿ ಖಾಲಿ ಪರದೆ. ‘ಹಾಗಾದರೆ ಇದು ನಿಮ್ಮ ಮನೆಯಲ್ಲಿ ಮಾತ್ರ ಕಾಣುವ ಲೆಕ್ಕ’ ಎಂದು ನಕ್ಕರು. ಆ ನಗೆಗೆ ನನ್ನಲ್ಲಿ ಉತ್ತರವಿರಲಿಲ್ಲ.

ಸೇವಾದಾತ ಕಂಪನಿಯ ಸಹಾಯವಾಣಿಗೆ ಮೂರು ದಿನ ಫೋನ್ ಮಾಡಿದೆ. ಮೂರೂ ದಿನ ಒಂದೇ ಸಲಹೆ: ‘ಸರ್, ರೂಟರ್ ಆಫ್ ಮಾಡಿ, ಒಂದು ನಿಮಿಷ ಬಿಟ್ಟು ಆನ್ ಮಾಡಿ.’ ಮಾಡಿದೆ. ‘ನಮ್ಮ ಕಡೆ ಎಲ್ಲ ಸರಿಯಾಗಿದೆ’ ಎಂದರು. ಕೊನೆಗೆ, ಕಡತವೊಂದು ಕಳೆದುಹೋದಾಗ ಕಚೇರಿಯಲ್ಲಿ ಹೇಗೆ ಮೇಜಿನಿಂದ ಮೇಜಿಗೆ ಹುಡುಕುತ್ತಿದ್ದೆವೋ ಹಾಗೆಯೇ ಹುಡುಕುವುದೆಂದು ಕುಳಿತೆ.

ಲಿನಕ್ಸ್‌ನ ದೊಡ್ಡ ಗುಣವೆಂದರೆ ಅದು ಏನನ್ನೂ ಮುಚ್ಚಿಡುವುದಿಲ್ಲ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ವ್ಯವಸ್ಥೆ ತಾನು ಮಾಡುವ ಕೆಲಸವನ್ನೆಲ್ಲ ಒಂದು ದಿನಚರಿಯಲ್ಲಿ ಬರೆದಿಡುತ್ತದೆ. ಓದುವ ತಾಳ್ಮೆ ನಮಗಿರಬೇಕು, ಅಷ್ಟೇ. ದೋಷ ಹುಡುಕುವ ಕ್ರಮವೂ ಸರಳ: ಹತ್ತಿರದಿಂದ ದೂರಕ್ಕೆ, ಒಂದೊಂದೇ ಹೆಜ್ಜೆ.

ಮೊದಲ ಸಾಧನ ‘ಪಿಂಗ್’. 1983ರಲ್ಲಿ ಅಮೆರಿಕದ ಸೇನಾ ಪ್ರಯೋಗಾಲಯದಲ್ಲಿದ್ದ ಮೈಕ್ ಮೂಸ್ ಎಂಬುವರು ಬರೆದ ಪುಟ್ಟ ಪ್ರೋಗ್ರಾಂ ಇದು. ಜಲಾಂತರ್ಗಾಮಿಗಳನ್ನು ಪತ್ತೆಹಚ್ಚುವ ಸೋನಾರ್ ಯಂತ್ರದ ಸದ್ದಿನಿಂದ ಬಂದ ಹೆಸರು. ಒಂದು ಕೂಗು ಹಾಕುತ್ತದೆ, ಮರುದನಿಗೆ ಕಾಯುತ್ತದೆ. ಮನೆಯ ರೂಟರನ್ನು ಕೂಗಿದೆ; ಓಗೊಟ್ಟಿತು. ಅಂದರೆ ತಂತಿ, ಪೆಟ್ಟಿಗೆ ಎರಡೂ ಸರಿ. ಹೊರಲೋಕದ ಯಂತ್ರವೊಂದನ್ನು ಅಂಕಿಯ ವಿಳಾಸದಿಂದ ಕೂಗಿದೆ, ಓಗೊಟ್ಟಿತು. ಅಂದರೆ ಹೊರಗಿನ ದಾರಿ ತೆರೆದಿದೆ. ಅದನ್ನೇ ಹೆಸರಿನಿಂದ ಕೂಗಿದೆ; ಅದಕ್ಕೂ ಉತ್ತರ ಬಂತು. ಅಂಕಿಗೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ, ಹೆಸರನ್ನು ಅಂಕಿಗೆ ಬದಲಾಯಿಸಿಕೊಡುವ ಡಿಎನ್‌ಎಸ್ ಎಂಬ ವಿಳಾಸ ಪುಸ್ತಕದಲ್ಲಿ ದೋಷವಿದೆಯೆಂದು ಅರ್ಥ. ‘ಇಂಟರ್‌ನೆಟ್ ಹೋಗಿದೆ’ ಎಂದು ನಾವು ದೂರುವ ಎಷ್ಟೋ ಸಂದರ್ಭಗಳಲ್ಲಿ ಇಂಟರ್‌ನೆಟ್ ಇರುತ್ತದೆ, ಹೋಗಿರುವುದು ಈ ಪುಸ್ತಕ ಮಾತ್ರ.

ಮುಂದೆ ಸರ್ವರಿನ ಸರದಿ. ತಂತ್ರಾಂಶ ಚಾಲನೆಯಲ್ಲಿದೆಯೇ? ಇದೆ. 80 ಮತ್ತು 443ನೇ ಸಂಖ್ಯೆಯ ಬಾಗಿಲುಗಳಲ್ಲಿ ಅದು ಕಿವಿಗೊಟ್ಟು ಕುಳಿತಿದೆಯೇ? ಕುಳಿತಿದೆ. ಡಿಸ್ಕ್ ತುಂಬಿದೆಯೇ? ಇಲ್ಲ. ಹಿಂದೊಮ್ಮೆ ದಿನಚರಿ ಕಡತವೇ ಬೆಳೆದು ಡಿಸ್ಕ್ ತುಂಬಿ ಸರ್ವರ್ ನಿಂತಿದ್ದರಿಂದ ಈ ಪಾಠ ನನಗೆ ಗೊತ್ತಿತ್ತು. ಭದ್ರತಾ ಪ್ರಮಾಣಪತ್ರದ ಅವಧಿ ಮುಗಿದಿದೆಯೇ? ಅದೂ ಇಲ್ಲ.

ಕೊನೆಗೆ ಭೇಟಿಗಳ ದಿನಚರಿ ತೆರೆದೆ. ಅದನ್ನು ಸರ್ವರಿನ ಆವಕ ವಹಿ ಎನ್ನಬಹುದು: ಯಾರು, ಯಾವಾಗ, ಯಾವ ಪುಟ ಕೇಳಿದರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತದೆ. ಒಂಬತ್ತು ದಿನಗಳ ಹಿಂದಿನ ಒಂದು ನಡುರಾತ್ರಿಯವರೆಗೆ ಹೊರಗಿನವರ ಭೇಟಿಗಳಿದ್ದವು. ಆಮೇಲೆ ಒಂದೂ ಇಲ್ಲ. ಇದ್ದದ್ದು ನನ್ನ ಮೇಜಿನ ಗಣಕಯಂತ್ರದ ಭೇಟಿಗಳು ಮಾತ್ರ. ನಾನು ಮನೆಯೊಳಗಿನ ಅಂಕಿಯ ವಿಳಾಸದಿಂದಲೇ ಪುಟ ನೋಡುತ್ತಿದ್ದುದರಿಂದ ಒಂಬತ್ತು ದಿನವೂ ದೋಷ ನನ್ನ ಗಮನಕ್ಕೆ ಬಂದಿರಲಿಲ್ಲ. ಅದು ನನ್ನದೇ ತಪ್ಪು. ಆದರೆ ಈಗ ಒಂದು ಸಂಗತಿ ಸ್ಪಷ್ಟವಾಯಿತು. ಸರ್ವರ್ ಯಾರಿಗೂ ಉತ್ತರ ನಿರಾಕರಿಸಿರಲಿಲ್ಲ; ಅದರ ಕೈಗೆ ಟಪಾಲೇ ತಲುಪುತ್ತಿರಲಿಲ್ಲ.

ಟಪಾಲು ಎಲ್ಲಿ ನಿಂತಿದೆ? ರೂಟರಿನ ಪುಟ ತೆರೆದು, ಕಂಪನಿಯು ಅದಕ್ಕೆ ಕೊಟ್ಟಿರುವ ವಿಳಾಸ ನೋಡಿದೆ, 100.70 ಎಂದು ಆರಂಭವಾಗಿತ್ತು. ಹೊರಲೋಕಕ್ಕೆ ನನ್ನ ಮನೆ ಯಾವ ವಿಳಾಸದಿಂದ ಕಾಣುತ್ತದೆಂದು ಹೊರಗಿನ ಯಂತ್ರವೊಂದನ್ನು ಕೇಳಿದೆ. ಬೇರೆಯೇ ವಿಳಾಸ ಬಂತು. ಮೊದಲು ಇವೆರಡೂ ಒಂದೇ ಆಗಿದ್ದವು. ದೋಷ ಸಿಕ್ಕಿತ್ತು. ಆ ನಡುರಾತ್ರಿ ನನ್ನ ಸೇವಾದಾತರು ಸ್ವಂತ ವಿಳಾಸವನ್ನು ಹಿಂದಕ್ಕೆ ಪಡೆದು, ಅನೇಕ ಮನೆಗಳಿಗೆ ಸೇರಿ ಒಂದೇ ವಿಳಾಸ ಹಂಚುವ ವ್ಯವಸ್ಥೆಗೆ ನನ್ನನ್ನು ಸೇರಿಸಿದ್ದರು. ಒಂದು ಸಂದೇಶವಿಲ್ಲ, ಬಿಲ್ಲಿನಲ್ಲಿ ಒಂದು ಸಾಲಿಲ್ಲ.

ಇದರ ಹಿಂದಿರುವುದು ಅರ್ಥಶಾಸ್ತ್ರದ ಮೊದಲ ಪಾಠವಾದ ಕೊರತೆ. ಅಂತರ್ಜಾಲದ ಹಳೆಯ ವಿಳಾಸ ಪದ್ಧತಿಯಾದ ಐಪಿವಿ4ರಲ್ಲಿ ಇರುವುದು ಸುಮಾರು 429 ಕೋಟಿ ವಿಳಾಸಗಳು. ಅದು ರೂಪುಗೊಂಡಾಗ ಆ ಸಂಖ್ಯೆ ಧಾರಾಳವಾಗಿತ್ತು. 2011ರ ಫೆಬ್ರುವರಿಯಲ್ಲಿ ಜಾಗತಿಕ ದಾಸ್ತಾನಿನ ಕೊನೆಯ ಕಂತುಗಳು ಖಂಡವಾರು ಸಂಸ್ಥೆಗಳಿಗೆ ಹಂಚಿಕೆಯಾಗಿ ಭಂಡಾರ ಬರಿದಾಯಿತು. ಅಂದಿನಿಂದ ಹಳೆಯ ವಿಳಾಸಗಳು ಮಾರುಕಟ್ಟೆಯಲ್ಲಿ ಕ್ರಯವಿಕ್ರಯವಾಗುತ್ತಿವೆ. 2012ರಲ್ಲಿ, ಕಂಪನಿಗಳು ತಮ್ಮ ಗ್ರಾಹಕರನ್ನು ಒಂದೇ ವಿಳಾಸದ ಹಿಂದೆ ಕೂರಿಸಲು ಅನುಕೂಲವಾಗುವಂತೆ 100.64ರಿಂದ 100.127ರವರೆಗಿನ ಶ್ರೇಣಿಯನ್ನು ಮೀಸಲಿಡಲಾಯಿತು. ನನ್ನ ರೂಟರಿಗೆ ಸಿಕ್ಕಿದ್ದು ಈ ಶ್ರೇಣಿಯ ವಿಳಾಸ.

ಇದನ್ನು ‘ಕೇರಾಫ್’ ವಿಳಾಸಕ್ಕೆ ಹೋಲಿಸಬಹುದು. ನೂರಾರು ಮನೆಗಳಿಗೆ ಒಂದೇ ಕೇರಾಫ್. ನಾವು ಬರೆದ ಪತ್ರಕ್ಕೆ ಉತ್ತರ ಬಂದರೆ, ಕೇಳಿದವರು ಯಾರೆಂದು ನಡುವಿನವರಿಗೆ ನೆನಪಿರುವುದರಿಂದ ಅದು ನಮಗೆ ತಲುಪುತ್ತದೆ. ಹೊರಗಿನವರು ತಾವಾಗಿಯೇ ನಮಗೆ ಬರೆದರೆ, ಅದು ಯಾವ ಮನೆಗೆಂದು ತಿಳಿಯದೆ ಅಲ್ಲೇ ಬಿದ್ದುಹೋಗುತ್ತದೆ. ಸಿನಿಮಾ ನೋಡುವವರಿಗೆ, ಪತ್ರಿಕೆ ಓದುವವರಿಗೆ, ಬ್ಯಾಂಕ್ ವ್ಯವಹಾರ ಮಾಡುವವರಿಗೆ ಈ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಕೊಳ್ಳುವವನಿಗೆ ತೊಂದರೆಯಿಲ್ಲ, ಕೊಡುವವನಿಗೆ ಬಾಗಿಲಿಲ್ಲ.

ನಮ್ಮ ನೀತಿಯೂ ಇದೇ ದೃಷ್ಟಿಯಿಂದ ಯೋಚಿಸಿದಂತಿದೆ. ಕೇಂದ್ರ ಸರ್ಕಾರದ 2004ರ ನೀತಿಯು ಸೆಕೆಂಡಿಗೆ ಕನಿಷ್ಠ 256 ಕಿಲೋಬಿಟ್ ವೇಗದ ಸಂಪರ್ಕವನ್ನು ಬ್ರಾಡ್‌ಬ್ಯಾಂಡ್ ಎಂದು ಕರೆಯಿತು. 2013ರಲ್ಲಿ ಅದು 512 ಕಿಲೋಬಿಟ್‌ಗೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಮೂರೂ ಬಾರಿ ಅಳೆದದ್ದು ಹೊರಗಿನಿಂದ ಮನೆಗೆ ಇಳಿಸಿಕೊಳ್ಳುವ ವೇಗವನ್ನು. ಮನೆಯಿಂದ ಹೊರಗೆ ಕೊಡುವ ವೇಗದ ಬಗ್ಗೆ, ಮನೆಗೊಂದು ವಿಳಾಸದ ಬಗ್ಗೆ ಆ ವ್ಯಾಖ್ಯೆಗಳು ಮಾತಾಡಲಿಲ್ಲ. ನಾಗರಿಕನನ್ನು ಬಳಕೆದಾರನೆಂದಷ್ಟೇ ಕಂಡಾಗ ಹೀಗಾಗುವುದು ಸಹಜ.

ಕೊರತೆಗೆ ಪರಿಹಾರವಿಲ್ಲವೆಂದೇನೂ ಅಲ್ಲ. ಹೊಸ ಪದ್ಧತಿಯಾದ ಐಪಿವಿ6ರ ಕರಡು ಮಾನಕ 1998ರಲ್ಲೇ ಸಿದ್ಧವಾಗಿತ್ತು. ಅದರ ವಿಳಾಸಗಳ ಒಟ್ಟು ಸಂಖ್ಯೆ 39 ಅಂಕಿಗಳಷ್ಟು ಉದ್ದ. ಪ್ರತಿ ಮನೆಯ ಪ್ರತಿ ಉಪಕರಣಕ್ಕೂ ಸ್ವಂತ ವಿಳಾಸ ಕೊಟ್ಟು ಉಳಿಯುವಷ್ಟು. ದೂರಸಂಪರ್ಕ ಇಲಾಖೆ 2010ರಲ್ಲೇ ಇದಕ್ಕೊಂದು ರಾಷ್ಟ್ರೀಯ ಮಾರ್ಗಸೂಚಿ ಪ್ರಕಟಿಸಿತು. 2016ರ ನಂತರ 4ಜಿ ಮೊಬೈಲ್ ಜಾಲಗಳು ವ್ಯಾಪಿಸಿದ್ದರಿಂದ ಭಾರತ ಈ ಪದ್ಧತಿಯ ಬಳಕೆಯಲ್ಲಿ ಜಗತ್ತಿನ ಮುಂಚೂಣಿಯ ದೇಶಗಳ ಸಾಲಿಗೆ ಸೇರಿದೆ. ಆದರೂ ನನ್ನ ಮನೆಯ ತಂತಿಯಲ್ಲಿ ಅಂದು ಅದು ಇರಲಿಲ್ಲ. ‘ಸ್ವಂತ ವಿಳಾಸ ಬೇಕೆಂದರೆ ತಿಂಗಳಿಗೆ ಹೆಚ್ಚುವರಿ ಶುಲ್ಕ ಕೊಡಿ’ ಎಂಬುದೇ ಕೊನೆಗೆ ನನಗೆ ಸಿಕ್ಕ ಉತ್ತರ.

ಸಾಮಾನ್ಯ ಮನೆಗೆ ಸರ್ವರ್ ಏಕೆ, ಹಂಚಿಕೆಯ ವಿಳಾಸದ ಹಿಂದಿದ್ದರೆ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದುದೇ. ನನ್ನ ಸರ್ವರ್ ಹೊರಗೆ ತೆರೆದುಕೊಂಡಿದ್ದಾಗ, ಅಪರಿಚಿತರು ಹಗಲಿರುಳೂ ಗುಪ್ತಪದ ಊಹಿಸಲು ಹವಣಿಸುತ್ತಿದ್ದುದನ್ನು ದಿನಚರಿಯಲ್ಲಿ ಕಂಡಿದ್ದೇನೆ. ಬಾಗಿಲಿದ್ದ ಮೇಲೆ ಬೀಗವೂ ಬೇಕು. ತಂತ್ರಾಂಶವನ್ನು ಕಾಲಕಾಲಕ್ಕೆ ನವೀಕರಿಸಬೇಕು, ಬೇಡದ ಬಾಗಿಲುಗಳನ್ನು ಮುಚ್ಚಬೇಕು. ಆದರೆ ಕಳ್ಳರ ಭಯವಿದೆಯೆಂದು ಮನೆಯ ಬಾಗಿಲಿಗೆ ಗೋಡೆ ಕಟ್ಟುವ ಅಧಿಕಾರವನ್ನು, ಅದೂ ಹೇಳದೆ ಕೇಳದೆ, ಇನ್ನೊಬ್ಬರಿಗೆ ಒಪ್ಪಿಸಲಾಗದು. ಮನೆಯ ಕ್ಯಾಮೆರಾ ನೋಡಬಯಸುವವರಿಗೂ, ದೂರದ ಊರಿನಿಂದ ಮನೆಯ ಕಡತ ತೆರೆಯಬಯಸುವವರಿಗೂ ನೇರ ದಾರಿಯಿಲ್ಲದೆ ಇಂದು ಯಾವುದೋ ಕಂಪನಿಯ ಮಧ್ಯಸ್ಥಿಕೆ ಬೇಕಾಗಿದೆ. ಆ ದೊಡ್ಡ ಯಂತ್ರಗಳಲ್ಲಿ ನಮ್ಮ ದಾಖಲೆಗಳು ಬಾಡಿಗೆಗೆ ವಾಸಿಸುತ್ತಿವೆ.

ನನ್ನ ಬೇಡಿಕೆಗಳು ದೊಡ್ಡವಲ್ಲ. ಸಂಪರ್ಕ ಕೊಡುವಾಗ ವಿಳಾಸ ಸ್ವಂತದ್ದೋ ಹಂಚಿಕೆಯದ್ದೋ ಎಂಬುದನ್ನು ಅರ್ಜಿಯಲ್ಲೂ ಬಿಲ್ಲಿನಲ್ಲೂ ನಮೂದಿಸಲಿ. ಬದಲಾಯಿಸುವ ಮುನ್ನ ಲಿಖಿತ ಸೂಚನೆ ಕೊಡಲಿ. ಮನೆಯ ತಂತಿ ಸಂಪರ್ಕಗಳಿಗೆ ಐಪಿವಿ6 ಕಡ್ಡಾಯವಾಗಿ, ಹೆಚ್ಚುವರಿ ಶುಲ್ಕವಿಲ್ಲದೆ ದೊರೆಯಲಿ. ಸಹಾಯವಾಣಿಯಲ್ಲಿ ಕುಳಿತ ತರುಣರಿಗೆ, ಪಾಪ, ‘ಆಫ್ ಮಾಡಿ ಆನ್ ಮಾಡಿ’ ಎಂಬುದರ ಆಚೆಗೂ ನಾಲ್ಕು ಪ್ರಶ್ನೆ ಕೇಳಲು ತರಬೇತಿ ಸಿಗಲಿ.

ನಮ್ಮ ಲೆಕ್ಕದ ಪುಟ ಮಹಾಸಭೆಗೆ ನಾಲ್ಕು ದಿನ ಮುಂಚೆ ಮತ್ತೆ ತೆರೆಯಿತು. ಹೊರಗೆ ಸ್ವಂತ ವಿಳಾಸವಿರುವ ಪುಟ್ಟ ಯಂತ್ರವೊಂದನ್ನು ಬಾಡಿಗೆಗೆ ಹಿಡಿದೆ. ಮನೆಯಿಂದ ಹೊರಹೋಗುವ ದಾರಿಗೆ ಅಡ್ಡಿಯಿಲ್ಲದ್ದರಿಂದ, ಮನೆಯ ಸರ್ವರ್ ತಾನೇ ಅದಕ್ಕೆ ಕರೆಮಾಡಿ ಸಂಪರ್ಕವನ್ನು ಸದಾ ಹಿಡಿದಿರುವಂತೆ ಮಾಡಿದೆ. ಹೊರಗಿನವರು ಬಾಡಿಗೆಯ ಯಂತ್ರದ ಬಾಗಿಲು ತಟ್ಟಿದರೆ ಅದೇ ಸಂಪರ್ಕದ ಮೂಲಕ ನನ್ನ ಕಪಾಟಿನ ಕೆಳಗಿನ ಯಂತ್ರ ಉತ್ತರಿಸುತ್ತದೆ. ದಾಖಲೆ ಮನೆಯಲ್ಲೇ ಇದೆ; ವಿಳಾಸ ಮಾತ್ರ ಎರವಲು.

ಸಭೆಯಲ್ಲಿ ಟ್ಯಾಂಕರ್ ಬಿಲ್ಲಿನ ಬಗ್ಗೆ ಯಾರೂ ಕೇಳಲಿಲ್ಲ. ಅಂದು ಮನೆಗೆ ಬಂದಿದ್ದ ಹಿರಿಯರೇ ಎದ್ದುನಿಂತು, ‘ವಿಳಾಸದ ಬಾಡಿಗೆ ಅಂತ ಒಂದು ಬಾಬ್ತು ಇದೆಯಲ್ಲ ಸಾರ್, ಅದೇನು?’ ಎಂದು ಕೇಳಿದರು. ಇಲ್ಲಿ ಬರೆದಿರುವುದನ್ನೆಲ್ಲ ಅಲ್ಲಿ ಹತ್ತು ನಿಮಿಷದಲ್ಲಿ ಹೇಳಿದೆ. ಲೆಕ್ಕ ಅಂಗೀಕಾರವಾಯಿತು. ಸಭೆ ಮುಗಿದ ಮೇಲೆ ಐದಾರು ಮಂದಿ ಬಂದು, ತಮ್ಮ ಮನೆಯ ವಿಳಾಸ ಸ್ವಂತದ್ದೋ ಕೇರಾಫೋ ಎಂದು ನೋಡುವುದು ಹೇಗೆಂದು ಕೇಳಿ ಬರೆದುಕೊಂಡು ಹೋದರು.