ಮೊಮ್ಮಕ್ಕಳ ಹಾಡು, ಅಜ್ಜಿ-ತಾತನ ಕಿವಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ವಾರ್ಷಿಕೋತ್ಸವದ ಸಡಗರ. ಸಂಕ್ರಾಂತಿ ಕಳೆದು ಪರೀಕ್ಷೆಯ ಬಿಸಿ ತಟ್ಟುವವರೆಗೂ ಒಂದಲ್ಲ ಒಂದು ಶಾಲೆಯ ಅಂಗಳದಲ್ಲಿ ಶಾಮಿಯಾನ ಎದ್ದಿರುತ್ತದೆ. ನಿಮ್ಮ ಮನೆಗೂ ಆಹ್ವಾನ ಪತ್ರಿಕೆ ಬಂದಿರಬಹುದು. ಮೊಮ್ಮಗಳು ಸಮೂಹಗಾನದಲ್ಲಿ ಹಾಡುತ್ತಾಳೆ. "ಅಜ್ಜೀ, ನೀನು ಬರಲೇಬೇಕು" ಎಂದು ಸೆರಗು ಹಿಡಿದು ಹೇಳಿದ್ದಾಳೆ. ನೀವೂ ಹೋಗುತ್ತೀರಿ. ಹಾಡು ಮುಗಿದಾಗ ಎಲ್ಲರೊಡನೆ ಚಪ್ಪಾಳೆ ತಟ್ಟುತ್ತೀರಿ. ತಬಲ ಕೇಳಿಸಿತು, ಹಾರ್ಮೋನಿಯಂ ಕೇಳಿಸಿತು, ಮಕ್ಕಳು ಬಾಯಿ ತೆರೆದು ಹಾಡಿದ್ದೂ ಕಂಡಿತು. ಆದರೆ ಹಾಡಿದ್ದೇನು ಎಂಬುದು ಮಾತ್ರ ತಿಳಿಯಲಿಲ್ಲ. ಮರುವರ್ಷ ಆಹ್ವಾನ ಬಂದಾಗ "ನನಗೆ ಸೊಂಟನೋವು, ನೀವೆಲ್ಲ ಹೋಗಿ ಬನ್ನಿ" ಎಂದು ಮನೆಯಲ್ಲೇ ಉಳಿಯುವ ಹಿರಿಯರು ಕಡಿಮೆಯೇನಿಲ್ಲ. ವೇದಿಕೆಯ ಮೇಲೆ ನಿಂತ ಮಗುವಿನ ಕಣ್ಣು ಮಾತ್ರ ಸಾಲುಸಾಲು ಕುರ್ಚಿಗಳಲ್ಲಿ ಅಜ್ಜಿಯನ್ನು ಹುಡುಕುತ್ತಿರುತ್ತದೆ.

ಇದೇಕೆ ಹೀಗಾಗುತ್ತದೆ, ಇದಕ್ಕೆ ಉಪಾಯವುಂಟೇ ಎಂಬುದನ್ನು ನೋಡೋಣ.

ನಮ್ಮ ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂತೆ ಸುರುಳಿ ಸುತ್ತಿಕೊಂಡ ಒಂದು ಪುಟ್ಟ ನಾಳವಿದೆ. ಅದರೊಳಗೆ ಸುಮಾರು 15,000 ಸೂಕ್ಷ್ಮ ಕೋಶಗಳು, ಕೂದಲೆಳೆಯಂಥ ತುದಿಗಳನ್ನು ಹೊತ್ತು ಸಾಲಾಗಿ ನಿಂತಿವೆ. ನಾಳದ ಬಾಗಿಲಲ್ಲಿರುವ ಕೋಶಗಳು ತಾರಸ್ವರಗಳನ್ನೂ ಒಳತುದಿಯಲ್ಲಿರುವವು ಮಂದ್ರಸ್ವರಗಳನ್ನೂ ಹಿಡಿಯುತ್ತವೆ. ವಯಸ್ಸಾದಂತೆ ಮೊದಲು ಸವೆಯುವುದು ಬಾಗಿಲಿನ ಕಡೆಯ ಕೋಶಗಳು. ಒಮ್ಮೆ ಹೋದವು ಮತ್ತೆ ಹುಟ್ಟುವುದಿಲ್ಲ. ಕೋಳಿಗಾದರೆ ಅವು ಮತ್ತೆ ಚಿಗುರುತ್ತವೆಂದು 1980ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡರು. ಮನುಷ್ಯನಿಗೆ ಆ ಭಾಗ್ಯವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 60 ವರ್ಷ ದಾಟಿದವರಲ್ಲಿ ಶೇಕಡ 25ಕ್ಕೂ ಹೆಚ್ಚು ಮಂದಿಗೆ ದಿನನಿತ್ಯದ ವ್ಯವಹಾರಕ್ಕೆ ತೊಡಕಾಗುವಷ್ಟು ಕಿವಿ ಮಂದವಾಗಿರುತ್ತದೆ. ಹಾಗಾಗಿ ಇದರಲ್ಲಿ ನಾಚಿಕೊಳ್ಳುವಂಥದ್ದೇನೂ ಇಲ್ಲ.

ಈಗ ಮಾತಿನ ವಿಚಾರಕ್ಕೆ ಬರೋಣ. ಕಾಲು, ಹಾಲು, ಸಾಲು, ಪಾಲು ಎಂಬ ನಾಲ್ಕು ಪದಗಳನ್ನು ಹೇಳಿ ನೋಡಿ. ನಾಲ್ಕರಲ್ಲೂ ಸ್ವರಗಳು ಒಂದೇ. ಅವು ತುಂಬು ದನಿಯವು, ಮಂದ್ರದ ಕಡೆಯವು, ಹಿರಿಯರ ಕಿವಿಗೂ ಸಲೀಸಾಗಿ ತಲುಪುತ್ತವೆ. ಪದಗಳನ್ನು ಬೇರ್ಪಡಿಸುವ ಕ, ಹ, ಸ, ಪ ಎಂಬ ವ್ಯಂಜನಗಳೋ ಬರಿಯ ಉಸಿರಿನಷ್ಟು ತೆಳು. ಅದರಲ್ಲೂ 'ಸ'ಕಾರದ ಶಕ್ತಿಯೆಲ್ಲ 4,000 ಹರ್ಟ್ಸ್‌ಗಿಂತ ಮೇಲಿನ ತಾರದಲ್ಲೇ ಇರುತ್ತದೆ. ಸವೆದಿರುವ ಕೋಶಗಳು ಹಿಡಿಯಬೇಕಾಗಿದ್ದುದು ಅದನ್ನೇ. ಆದ್ದರಿಂದ ದನಿ ಕೇಳಿಸುತ್ತದೆ, ಪದ ತಿಳಿಯುವುದಿಲ್ಲ. ಗಂಡಸರು ಒಂದು, ಒಂದೂವರೆ ಶ್ರುತಿಯಲ್ಲಿ ಹಾಡಿದರೆ ಹೆಣ್ಣುಮಕ್ಕಳು ಐದು, ಐದೂವರೆಗೆ ಹಾಡುತ್ತಾರೆ. ಮಗನ ಮಾತು ತಿಳಿದಷ್ಟು ಮೊಮ್ಮಗಳ ಮಾತು ತಿಳಿಯದಿರಲು ಇದೂ ಒಂದು ಕಾರಣ. ಅವಳು ಗೊಣಗುತ್ತಾಳೆಂದು ಗದರಿಸಬೇಡಿ.

ಇನ್ನೊಂದು ವಿಚಿತ್ರವೂ ಇದೆ. ಇಂಥ ಕಿವಿಗೆ ಸಣ್ಣ ದನಿ ಕೇಳಿಸುವುದಿಲ್ಲ, ಆದರೆ ದೊಡ್ಡ ದನಿ ಎಲ್ಲರಿಗಿಂತ ಬೇಗ ಕರ್ಕಶವೆನಿಸುತ್ತದೆ. "ಜೋರಾಗಿ ಹೇಳು" ಎಂದ ಅಜ್ಜನೇ ಮರುಗಳಿಗೆ "ಯಾಕೆ ಕಿರುಚುತ್ತೀಯ, ನಾನೇನು ಕಿವುಡನೇ?" ಎಂದು ರೇಗುವುದುಂಟು. ಮನೆಮಂದಿ ಇದನ್ನು ಹಟವೆಂದು ತಿಳಿಯುತ್ತಾರೆ. ಇದು ಹಟವಲ್ಲ, ಒಳಕಿವಿಯ ದೋಷ. ಟಿ.ವಿ. ಧ್ವನಿಯ ವಿಷಯದಲ್ಲಿ ನಮ್ಮ ವೀಕ್ಷಕರ ಮನೆಗಳಲ್ಲಿ ನಡೆಯುವ ಜಗಳಗಳಿಗೂ ಮೂಲ ಬಹುಪಾಲು ಇದೇ.

ಹಾಗಾದರೆ ಮಾಡಬೇಕಾದ್ದೇನು? ಎಲ್ಲಕ್ಕಿಂತ ಮುಖ್ಯವಾದ, ಕಾಸು ಖರ್ಚಿಲ್ಲದ ಉಪಾಯವೊಂದಿದೆ. ಹಾಡನ್ನು ಸಭೆಯಲ್ಲಿ ಕೇಳುವುದಕ್ಕೆ ಮೊದಲು ಮನೆಯಲ್ಲಿ ಕೇಳಿಬಿಡಿ. ಕುವೆಂಪು ಅವರ ನಾಡಗೀತೆಯನ್ನೇ ತೆಗೆದುಕೊಳ್ಳಿ. ಸರ್ಕಾರ 2004ರಲ್ಲಿ ಅದನ್ನು ನಾಡಗೀತೆಯೆಂದು ಘೋಷಿಸುವ ಮೊದಲೇ ನಿಮ್ಮಲ್ಲಿ ಅನೇಕರಿಗೆ ಅದು ಬಾಯಿಪಾಠವಾಗಿತ್ತು. ಮಕ್ಕಳು ಎಷ್ಟೇ ಅಸ್ಪಷ್ಟವಾಗಿ ಹಾಡಲಿ, ಧ್ವನಿವರ್ಧಕ ಎಷ್ಟೇ ಗೊರಗೊರ ಎನ್ನಲಿ, ಅದರ ಒಂದೊಂದು ಪದವೂ ನಿಮಗೆ ಕೇಳಿಸಿದಂತೆಯೇ ಇರುತ್ತದೆ. ಕಿವಿ ಕೊಟ್ಟದ್ದು ಅರ್ಧ, ಉಳಿದರ್ಧವನ್ನು ನೆನಪು ತುಂಬಿರುತ್ತದೆ. ಮಿದುಳು ಕೆಲಸ ಮಾಡುವ ರೀತಿಯೇ ಹಾಗೆ. ಮೊಮ್ಮಗಳ ಹೊಸ ಹಾಡಿಗೂ ಈ ಸೌಕರ್ಯ ಒದಗಬೇಕಾದರೆ ಪದಗಳು ಮೊದಲೇ ತಿಳಿದಿರಬೇಕು.

ಒಂದು ವಾರ ಮುಂಚೆ ಅವಳನ್ನು ಕೂರಿಸಿಕೊಂಡು ಹಾಡನ್ನು ದಪ್ಪಕ್ಷರದಲ್ಲಿ ಬರೆದುಕೊಡಲು ಹೇಳಿ. ಮೊದಲು ಓದಿಸಿ, ಆಮೇಲೆ ಹಾಡಿಸಿ. ಫ್ಯಾನು, ಟಿ.ವಿ. ನಿಲ್ಲಿಸಿ, ಅವಳ ಮುಖದ ಮೇಲೆ ಬೆಳಕು ಬೀಳುವಂತೆ ಮೂರಡಿ ದೂರದಲ್ಲಿ ಎದುರಿಗೆ ಕೂರಿಸಿ. ತುಟಿಯ ಚಲನೆ ಕಂಡರೆ ಕಿವಿಗೆ ಎಷ್ಟೋ ಆಸರೆ. ಎರಡು ಮೂರು ದಿನ ಹೀಗೆ ಮಾಡಿದರೆ ನಿಮಗೆ ಹಾಡು ತಿಳಿಯುತ್ತದೆ, ಅವಳಿಗೂ ಲಾಭವಿಲ್ಲದಿಲ್ಲ. ಶ, ಷ, ಸಗಳ ವ್ಯತ್ಯಾಸವನ್ನು ತಿದ್ದುವ ಪುರುಸೊತ್ತು ಈಗಿನ ಮನೆಗಳಲ್ಲಿ ಅಜ್ಜಿಯರಿಗಲ್ಲದೆ ಇನ್ನಾರಿಗಿದೆ?

ಸಭೆಯಲ್ಲಿ ಎಲ್ಲಿ ಕೂರಬೇಕು ಎಂಬುದೂ ಮುಖ್ಯ. ಹಿರಿಯರೆಂದು ಗೌರವಿಸಿ ನಿಮ್ಮನ್ನು ಮೊದಲ ಸಾಲಿನ ತುದಿಯಲ್ಲಿ ಕೂರಿಸುತ್ತಾರೆ. ಬಹುತೇಕ ಕಡೆ ಅಲ್ಲೇ, ನಿಮ್ಮ ಮಗ್ಗುಲಲ್ಲೇ, ಆಳೆತ್ತರದ ಧ್ವನಿವರ್ಧಕದ ಪೆಟ್ಟಿಗೆ ನಿಂತಿರುತ್ತದೆ! ಸಂಕೋಚಪಡದೆ ಎದ್ದು ಮೂರು ನಾಲ್ಕನೆಯ ಸಾಲಿನ ನಡುವಿಗೆ ಹೋಗಿ, ಮಕ್ಕಳ ಮುಖ ಕಾಣುವಂತೆ ಕುಳಿತುಕೊಳ್ಳಿ. ತೀರಾ ಹಿಂದೆಯೂ ಬೇಡ. ತಗಡಿನ ಚಾವಣಿ, ಬರಿಗೋಡೆಗಳ ಸಭಾಂಗಣವಾದರೆ ಹಿಂದೆ ಹೋದಷ್ಟೂ ಮಾರ್ದನಿ ಹೆಚ್ಚು. ಒಂದು ಪದದ ಬಾಲ ಮುಂದಿನ ಪದದ ತಲೆಯ ಮೇಲೆ ಬಿದ್ದಿರುತ್ತದೆ. ಬಯಲಿನಲ್ಲಿ ಆ ಕಷ್ಟ ಅಷ್ಟಿಲ್ಲ.

ಶ್ರವಣ ಸಾಧನ ಬಳಸುವವರಿಗೆ ಒಂದು ಮಾತು. ಈ ಸಾಧನಗಳು ಮುಖ್ಯವಾಗಿ ಮಾತಿಗಾಗಿ ರೂಪುಗೊಂಡವು. ತಾನೇ ಶಿಳ್ಳೆ ಹೊಡೆಯದಂತೆ ತಡೆಯುವ ವ್ಯವಸ್ಥೆ ಅದರಲ್ಲಿರುತ್ತದೆ. ಅದು ಕೊಳಲಿನ ನೀಳ ಸ್ವರವನ್ನೂ ಶಿಳ್ಳೆಯೆಂದೇ ಭ್ರಮಿಸಿ ಅಳಿಸಲು ಹೊರಡುವುದುಂಟು. ಆಗ ಸ್ವರ ನಡುಗಿದಂತೆ, ಒಡೆದಂತೆ ಕೇಳಿಸುತ್ತದೆ. ಈಗಿನ ಅನೇಕ ಡಿಜಿಟಲ್ ಸಾಧನಗಳಲ್ಲಿ ಸಂಗೀತಕ್ಕೆಂದೇ ಬೇರೆ ಹೊಂದಾಣಿಕೆಯನ್ನು ಮಾಡಿಕೊಡಲು ಬರುತ್ತದೆ. ಶ್ರವಣ ತಜ್ಞರನ್ನು ಕೇಳಿ ಮಾಡಿಸಿಕೊಳ್ಳಿ. ಇದು ತಿಳಿಯದೆ ಸಾಧನವನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುವವರೇ ಹೆಚ್ಚು.

ಇನ್ನೂ ಪರೀಕ್ಷೆಯನ್ನೇ ಮಾಡಿಸದವರು ಕಿವಿ, ಮೂಗು, ಗಂಟಲು ವೈದ್ಯರನ್ನು ಕಾಣುವುದು ಒಳ್ಳೆಯದು. ಕೆಲವೊಮ್ಮೆ ಗುಗ್ಗೆ ಕಟ್ಟಿಕೊಂಡದ್ದೇ ಕಾರಣವಾಗಿದ್ದು ಐದು ನಿಮಿಷದಲ್ಲಿ ಪರಿಹಾರವಾಗುತ್ತದೆ. ಬಿಸಿ ಎಣ್ಣೆ ಬಿಡುವುದು, ಹೇರ್‌ಪಿನ್ನು ಹಾಕುವುದು ಬೇಡ. ಒಂದೇ ಕಿವಿ ಇದ್ದಕ್ಕಿದ್ದಂತೆ ಮುಚ್ಚಿಹೋದರೆ ಅಂದೇ ವೈದ್ಯರಲ್ಲಿಗೆ ಹೋಗಬೇಕು. ತಡಮಾಡಿದರೆ ಶ್ರವಣ ಮರಳುವುದು ಕಷ್ಟ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಬಡತನದ ರೇಖೆಗಿಂತ ಕೆಳಗಿರುವ ಹಿರಿಯರಿಗೆ ಸಾಧನಗಳನ್ನು ಒದಗಿಸಲು ಕೇಂದ್ರ ಸರ್ಕಾರ 2017ರಲ್ಲಿ ರಾಷ್ಟ್ರೀಯ ವಯೋಶ್ರೀ ಯೋಜನೆಯನ್ನು ಆರಂಭಿಸಿತು. ಅದರಲ್ಲಿ ಊರುಗೋಲು, ಕನ್ನಡಕಗಳ ಜೊತೆಗೆ ಶ್ರವಣ ಸಾಧನವೂ ಸೇರಿದೆ.

ಕಾರ್ಯಕ್ರಮ ಮುಗಿದ ಮೇಲೆ ಮೊಮ್ಮಗಳು ಓಡಿ ಬಂದು "ಹೇಗಿತ್ತು?" ಎಂದು ಕೇಳಿಯೇ ಕೇಳುತ್ತಾಳೆ. ಕೇಳಿಸದೇ ಹೋದ ಕಡೆಯೂ "ತುಂಬಾ ಚೆನ್ನಾಗಿತ್ತು" ಎಂದು ಹೇಳಿ ಮುಗಿಸುವುದು ನಮ್ಮ ವಾಡಿಕೆ. ಅದಕ್ಕೆ ಬದಲು "ಎರಡನೆಯ ನುಡಿ ನನ್ನ ಕಿವಿಗೆ ಸರಿಯಾಗಿ ಬೀಳಲಿಲ್ಲ ಕಂದಾ, ಮನೆಗೆ ಹೋದಮೇಲೆ ಇನ್ನೊಂದು ಸಲ ಹಾಡುತ್ತೀಯಾ?" ಎಂದು ಕೇಳಿ ನೋಡಿ. ಯಾವ ಮಗುವೂ ಒಲ್ಲೆ ಎನ್ನಲಾರದು.

ಶಾಲೆಯವರಿಗೂ ಒಂದು ಬಿನ್ನಹ. ಆಹ್ವಾನ ಪತ್ರಿಕೆಯ ಹಿಂಬದಿಯಲ್ಲಿ ಸಾಮಾನ್ಯವಾಗಿ ಖಾಲಿ ಜಾಗವಿರುತ್ತದೆ. ಮಕ್ಕಳು ಹಾಡುವ ಹಾಡುಗಳ ಸಾಹಿತ್ಯವನ್ನು ಅಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಬಹುದು. ಹಾಡಿನ ಹೊತ್ತಿನಲ್ಲಿ ತಬಲದ ಮೈಕನ್ನು ತುಸು ತಗ್ಗಿಸಿ ಮಕ್ಕಳ ಮೈಕನ್ನು ತುಸು ಏರಿಸುವಂತೆ ಸಂಗೀತದ ಮೇಷ್ಟ್ರು ಮೈಕ್‌ಸೆಟ್ಟಿನವರಿಗೆ ಮೊದಲೇ ಒಂದು ಮಾತು ಹೇಳಿಟ್ಟಿರಲಿ.