ಯೋಗವೂ ಕ್ಷೇಮವೂ: ಒಂದು ರೈಲುಸಮಿತಿಯ ಕಾಗದಪತ್ರಗಳು

ಮಹಾನವಮಿಯ ಸಂಜೆ ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ಗೊರವಯ್ಯನು ಬಿಲ್ಲನ್ನೇರಿ 'ಸದ್ದಲೇ' ಎಂದು ಕೂಗುತ್ತಲೇ, ಸಾವಿರಾರು ಜನರ ಗದ್ದಲವು ಒಮ್ಮೆಗೇ ಅಡಗಿಬಿಡುವುದನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಬಳಿಕ ಹೊರಡುವುದು ಒಂದೇ ವಾಕ್ಯ. ಅದನ್ನು ಬರೆದಿಡಲು ಗುಮಾಸ್ತನು ಬೇಡ. ರಾಣೇಬೆನ್ನೂರಿನ ಬೀಜದ ವ್ಯಾಪಾರಿಯೂ ಬ್ಯಾಡಗಿಯ ಮೆಣಸಿನಕಾಯಿಯ ದಲಾಲಿಯೂ ಅದನ್ನು ಬಾಯಿಪಾಠ ಮಾಡಿಕೊಂಡು, ಮಳೆ ಬೆಳೆ ರಾಜಕೀಯಗಳ ಅರ್ಥವನ್ನು ಹಚ್ಚುತ್ತ ಮನೆಗೆ ಹೋಗುವರು.

ಕಾರಣಿಕಕ್ಕೆ ದೊರೆಯುವ ಈ ಭಾಗ್ಯವು ಮನುಷ್ಯರು ಸರಕಾರಕ್ಕೆ ಬರೆದುಕೊಂಡ ಬಿನ್ನಹಕ್ಕೆ ದೊರೆಯದು. ಅದು ಕಾಗದದಲ್ಲಿ ಉಳಿದರೆ ಉಳಿಯಿತು. ಕಾಗದವು ಹೋದರೆ ಅದೂ ಹೋಯಿತು. ಈ ಮಾತು ನಮಗೆ ಮನವರಿಕೆಯಾದದ್ದು ಕಳೆದ ವರ್ಷ. ಈ ಸೀಮೆಯಲ್ಲಿ ರೈಲುಗಾಡಿಯ ನಿಲುಗಡೆಗಾಗಿ ಬಹುಕಾಲ ದುಡಿದ ಒಂದು ಸಣ್ಣ ಸಮಿತಿಯಿತ್ತು. ಅದರ ಕಾರ್ಯದರ್ಶಿಗಳು ತೀರಿಕೊಂಡ ಮೇಲೆ ಅವರ ಧರ್ಮಪತ್ನಿಯು ನಮ್ಮನ್ನು ಕರೆಯಿಸಿ, "ಮಾಸ್ತರ್ರ, ಅಟ್ಟದ ಮ್ಯಾಲ ಇವರ ಟ್ರಂಕು ಐತ್ರಿ. ಅರ್ಧ ಕಾಗದ ರದ್ದಿಯವಗ ಕೊಟ್ಟುಬಿಟ್ಟೇನಿ. ಉಳಿದದ್ದು ಇಟಗೊಳ್ಳಲೋ ಒಗಿಯಲೋ, ನೋಡಿ ಹೇಳ್ರಿ" ಎಂದರು.

ಆಕೆಯನ್ನು ಆಕ್ಷೇಪಿಸುವ ಅಧಿಕಾರ ನಮಗಿರಲಿಲ್ಲ. ಆ ಅರ್ಜಿಗಳಲ್ಲಿ ಅನೇಕವನ್ನು ಬರೆದವರು ನಾವೇ. ಒಂದರ ಪ್ರತಿಯನ್ನೂ ಇಟ್ಟುಕೊಳ್ಳದವರೂ ನಾವೇ. ಕೆಲವು ವರ್ಷಗಳ ಹಿಂದೆ ಊರಿನ ತರುಣರು ಅದೇ ಬೇಡಿಕೆಯನ್ನು ಹೊತ್ತು ಕಚೇರಿಯೊಂದಕ್ಕೆ ಹೋದಾಗ, "ಹಿಂದಿನ ಪತ್ರದ ಸಂಖ್ಯೆ, ತಾರೀಖು ಏನು?" ಎಂಬ ಪ್ರಶ್ನೆಗೆ ಉತ್ತರ ತೋಚದೆ ಮರಳಿ ಬಂದಿದ್ದರು, ಮೊದಲಿನಿಂದ ಆರಂಭಿಸಬೇಕಾಯಿತು. ಆ ಟ್ರಂಕಿನ ತಳದಲ್ಲಿ, ತುಕ್ಕುಹಿಡಿದ ಗುಂಡುಸೂಜಿಯಡಿಯಲ್ಲಿ, ಆ ಉತ್ತರಪತ್ರವು ಸಂಖ್ಯೆ ತಾರೀಖುಗಳೊಡನೆ ಮಲಗಿತ್ತು! ಟಿಕೀಟುಗಳ ಮಾರಾಟವು ಸಾಲದೆಂಬ ಕಾರಣವೂ ಅದರಲ್ಲಿ ಸ್ಪಷ್ಟವಾಗಿತ್ತು. ಅದೊಂದು ಕೈಯಲ್ಲಿದ್ದಿದ್ದರೆ ತರುಣರು ಆ ಕಾರಣಕ್ಕೇ ಸಮಾಧಾನವನ್ನು ಸಿದ್ಧಪಡಿಸಿಕೊಂಡು ಹೋಗುತ್ತಿದ್ದರು.

ಸಂಸ್ಕೃತದಲ್ಲಿ 'ಯೋಗಕ್ಷೇಮ'ವೆಂಬ ಮಾತುಂಟು. ದೊರೆಯದುದನ್ನು ದೊರಕಿಸುವುದು ಯೋಗ, ದೊರೆತುದನ್ನು ಕಾಪಾಡುವುದು ಕ್ಷೇಮವೆಂದು ಪ್ರಾಚೀನರು ವಿವರಿಸಿರುವರು. ನಮ್ಮ ಹೋರಾಟಗಾರರೆಲ್ಲರೂ ಯೋಗದಲ್ಲಿ ಶೂರರು, ಕ್ಷೇಮದಲ್ಲಿ ಉದಾಸೀನರು.

ಸರಕಾರದ ಕಚೇರಿಯಲ್ಲಿ ಒಂದು ಪ್ರತಿ ಇದ್ದೇ ಇರುವುದಲ್ಲವೇ ಎಂದು ಕೆಲವರು ಕೇಳಬಹುದು. ಇರಬಹುದು, ಆದರೆ ಯಾವ ಕಚೇರಿಯಲ್ಲಿ? ನಮ್ಮ ತಾಲೂಕುಗಳು 1956ರ ವರೆಗೆ ಮುಂಬಯಿಯ ಆಳ್ವಿಕೆಯಲ್ಲಿದ್ದವು. ಅನಂತರ ಮೈಸೂರು ರಾಜ್ಯಕ್ಕೆ ಸೇರಿದವು. 1997ರಲ್ಲಿ ಧಾರವಾಡ ಜಿಲ್ಲೆಯಿಂದ ಬೇರ್ಪಟ್ಟು ಹಾವೇರಿ ಜಿಲ್ಲೆಯಾದವು. ರೈಲಿನ ಕಥೆಯು ಇನ್ನೂ ಜಟಿಲವಾದುದು. 1882ರಲ್ಲಿ ಸ್ಥಾಪಿತವಾದ ಸದರ್ನ್ ಮರಾಠಾ ರೈಲ್ವೆಯು 1908ರಲ್ಲಿ ಮದರಾಸಿನ ರೈಲ್ವೆಯೊಡನೆ ಕೂಡಿತು. 1951ರಲ್ಲಿ ದಕ್ಷಿಣ ರೈಲ್ವೆಯು ಹುಟ್ಟಿತು. 1966ರಲ್ಲಿ ಹುಬ್ಬಳ್ಳಿಯ ವಿಭಾಗವು ಸಿಕಂದರಾಬಾದಿನ ದಕ್ಷಿಣಮಧ್ಯ ರೈಲ್ವೆಗೆ ಹೋಯಿತು. 2003ರ ಏಪ್ರಿಲ್ 1ರಂದು ನೈಋತ್ಯ ರೈಲ್ವೆಯು ಹುಬ್ಬಳ್ಳಿಯನ್ನು ಮುಖ್ಯಸ್ಥಾನವಾಗಿ ಮಾಡಿಕೊಂಡು ಕಾರ್ಯವನ್ನಾರಂಭಿಸಿತು. ಹೀಗೆ ಒಂದೇ ಹಳಿಯ ಮೇಲಿನ ಜನರು ಬರೆದ ಪತ್ರಗಳು ಕಾಲಭೇದದಿಂದ ಊರೂರಿಗೆ ಚದರಿದವು. ಅವೆಲ್ಲವೂ ಒಂದೆಡೆ ಇರಬಹುದಾದ ಸ್ಥಳವೆಂದರೆ ಕಳುಹಿಸಿದವನ ಮನೆಯೇ.

ಅಲ್ಲದೆ ಕಚೇರಿಯ ಕಡತವು ಹೋರಾಟದ ಒಳಗನ್ನು ಹೇಳಲಾರದು. ವಲಯದ ಮುಖ್ಯಾಲಯವು ಬೆಂಗಳೂರಿನಲ್ಲಲ್ಲ, ಹುಬ್ಬಳ್ಳಿಯಲ್ಲಿಯೇ ಇರಬೇಕೆಂದು 1990ರ ದಶಕದಲ್ಲಿ ಉತ್ತರ ಕರ್ನಾಟಕದವರು ನಡೆಯಿಸಿದ ಚಳವಳಿಯ ಫಲವು ಇಂದು ಎಲ್ಲರ ಕಣ್ಮುಂದಿದೆ. 2020ರಿಂದ ಅಲ್ಲಿ ಒಂದು ರೈಲುಸಂಗ್ರಹಾಲಯವೂ ಇದೆ. ಆದರೆ ಆ ದಿನಗಳ ಕರಪತ್ರ, ವಂತಿಗೆಯ ಪುಸ್ತಕ, ಸಭೆಯ ಠರಾವುಗಳು ಎಷ್ಟು ಮನೆಗಳಲ್ಲಿ ಉಳಿದಿವೆ? ಶಿವಮೊಗ್ಗದಿಂದ ಶಿಕಾರಿಪುರದ ಮಾರ್ಗವಾಗಿ ರಾಣೇಬೆನ್ನೂರಿಗೆ ಬರತಕ್ಕ ಹೊಸ ಹಳಿಗೆ 2023ರ ಫೆಬ್ರುವರಿ 27ರಂದು ಅಡಿಗಲ್ಲಾಯಿತು. ಅದನ್ನು ಬೇಡಿದವರೂ ಅದಕ್ಕೆ ಹೊಲ ಬಿಟ್ಟುಕೊಡುವವರೂ ತಮ್ಮ ಕಾಗದಗಳನ್ನು ಈಗಿನಿಂದಲೇ ಜೋಪಾನ ಮಾಡತಕ್ಕದ್ದು.

ಇನ್ನು ಕಾಪಾಡುವ ಕ್ರಮ. ನಮ್ಮ ಹಿರಿಯರು ಇದರಲ್ಲಿ ನಿಪುಣರಾಗಿದ್ದರು. ಹುಣಿಸೆಬೀಜದ ಸರಿಯಲ್ಲಿ ಇದ್ದಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಬಳಪದಿಂದ ಬರೆದ ಕಡತಗಳು ಇಂದಿಗೂ ಓದಬರುತ್ತವೆ. ಓಲೆಗರಿಗಳಿಗೆ ಎಣ್ಣೆ ಸವರಿ ಬಟ್ಟೆಯಲ್ಲಿ ಕಟ್ಟಿಡುತ್ತಿದ್ದರು. ಈಗಿನ ಕಾಗದಕ್ಕೆ ಬೇಕಾದುದೂ ಬಹುಮಟ್ಟಿಗೆ ಅಷ್ಟೇ ಸುಲಭವಾದುದು.

ಮೊದಲು, ಸಿಕ್ಕ ಕಟ್ಟನ್ನು ಕೆದರಬಾರದು. ಕಾರ್ಯದರ್ಶಿಗಳು ಯಾವ ಪತ್ರದ ಜೊತೆಗೆ ಯಾವುದನ್ನು ಇಟ್ಟಿದ್ದರೋ ಆ ಅನುಕ್ರಮವೇ ಒಂದು ಸಾಕ್ಷ್ಯ. ಅದನ್ನು ಬರೆದುಕೊಂಡ ಬಳಿಕವೇ ಧೂಳನ್ನು ಮೃದುವಾದ ಕುಂಚದಿಂದ ತೆಗೆಯತಕ್ಕದ್ದು. ಗುಂಡುಸೂಜಿ, ರಬ್ಬರುಪಟ್ಟಿಗಳನ್ನು ಬಿಡಿಸಿ, ಬಿಳಿಯ ನೂಲಿನಿಂದ ಸಡಿಲವಾಗಿ ಕಟ್ಟಬೇಕು. ಹರಿದುದಕ್ಕೆ ಅಂಟುಪಟ್ಟಿಯನ್ನು ಹಚ್ಚಬಾರದು. ಅದರ ಅಂಟು ಕಾಲಾಂತರದಲ್ಲಿ ಕಂದಾಗಿ ಅಕ್ಷರವನ್ನೇ ನುಂಗುವುದು. ಪ್ಲಾಸ್ಟಿಕ್ಕಿನ ಹಾಳೆಯನ್ನು ಕಾಯಿಸಿ ಒತ್ತಿಸುವುದೂ ಹಾನಿಕರವೇ. ವರ್ತಮಾನಪತ್ರದ ತುಣುಕುಗಳು ಮರದ ತಿರುಳಿನ ಕಾಗದವಾದ್ದರಿಂದ ತಾವೂ ಹಳದಿಯಾಗಿ ನೆರೆಯ ಹಾಳೆಯನ್ನೂ ಕೆಡಿಸುವುವು. ಅವನ್ನು ಬೇರೆಯಾಗಿಟ್ಟು ಒಳ್ಳೆಯ ಕಾಗದದ ಮೇಲೆ ನಕಲು ಮಾಡಿಸಬೇಕು. ಈಚಿನ ಯಂತ್ರದಿಂದ ಬರುವ ಬಸ್ಸಿನ ಚೀಟಿಗಳ ಅಕ್ಷರವು ಕೆಲವೇ ವರ್ಷಗಳಲ್ಲಿ ಮಾಸುವುದರಿಂದ ಅವುಗಳ ನಕಲನ್ನು ಕೂಡಲೆ ತೆಗೆಯಿಸುವುದು ಲೇಸು. ಭಾವಚಿತ್ರಗಳ ಹಿಂದೆ ಮೆತ್ತಗಿನ ಸೀಸದ ಕಡ್ಡಿಯಿಂದ ಹೆಸರು, ಸ್ಥಳ, ವರ್ಷಗಳನ್ನು ಬರೆಯಬೇಕು. ಗುರುತಿಸಬಲ್ಲ ಹಿರಿಯರು ಬದುಕಿರುವಾಗಲೇ ಇದಾಗಬೇಕು.

ಬಳಿಕ ಒಂದು ಪಟ್ಟಿ: ಅನುಕ್ರಮಸಂಖ್ಯೆ, ತಾರೀಖು, ಯಾರಿಂದ, ಯಾರಿಗೆ, ವಿಷಯ ಎಂದು ಐದೇ ಕಾಲಮುಗಳು ಸಾಕು. ಪಟ್ಟಿಯಿಲ್ಲದ ಸಂಗ್ರಹವು ಬೀಗದ ಕೈ ಕಳೆದ ಕಣಜದಂತೆ. ಪೆಟ್ಟಿಗೆಯನ್ನು ಗೋಡೆಯಿಂದಲೂ ನೆಲದಿಂದಲೂ ಸ್ವಲ್ಪ ದೂರವಿಡಬೇಕು; ಗೆದ್ದಲೂ ತೇವವೂ ಆ ದಾರಿಯಿಂದಲೇ ಬರುವುವು. ಮನೆಯ ಮಕ್ಕಳು ಮೊಬೈಲಿನಿಂದ ಚಿತ್ರ ತೆಗೆದು ಎರಡು ಬೇರೆ ಸ್ಥಳಗಳಲ್ಲಿ ಇಟ್ಟರೆ ಉತ್ತಮ. ಆದರೆ ಮೂಲವನ್ನು ಮಾತ್ರ ರದ್ದಿಗೆ ಹಾಕಕೂಡದು. ಕಳೆದುಹೋದ ಉತ್ತರಗಳ ಪ್ರತಿಯನ್ನು 2005ರ ಮಾಹಿತಿ ಹಕ್ಕಿನ ಕಾಯಿದೆಯ ಮೇರೆಗೆ ಕಚೇರಿಗಳಿಂದ ಬೇಡಲೂ ಬರುತ್ತದೆ. ಅರ್ಜಿಗಳಲ್ಲಿ ನೂರಾರು ಜನರ ಸಹಿ, ವಿಳಾಸಗಳಿರುತ್ತವೆ. ಬದುಕಿರುವವರ ಅಂಥ ವಿವರಗಳನ್ನು ಕಂಡಕಂಡವರಿಗೆ ತೋರಿಸದಿರುವುದು ಸಂಗ್ರಾಹಕನ ಧರ್ಮ.

ನಾವು ಆ ಟ್ರಂಕಿನೆದುರು ಒಂದು ತಿಂಗಳು ಕುಳಿತೆವು. ಒಂದು ಸಂಜೆ ಮಾಸಿದ ಅರ್ಜಿಯೊಂದನ್ನು ಬಿಡಿಸುತ್ತಿರಲು, ಮನೆಯಾಕೆಯು ಹತ್ತಿರ ಬಂದು, ಹೆಬ್ಬೆಟ್ಟಿನ ಗುರುತೊಂದರ ಬದಿಯ ಹೆಸರನ್ನು ಓದಿಸಿಕೊಂಡು, "ಇದು ನಮ್ಮ ಅತ್ತೀದ್ರೀ" ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ವೃದ್ಧೆಯು ತನ್ನ ಜೀವಮಾನದಲ್ಲಿ ಸರಕಾರಕ್ಕೆ ಹೇಳಿಕೊಂಡ ಮಾತು ಬಹುಶಃ ಅದೊಂದೇ. ಮರುದಿನ ಟ್ರಂಕು ಅಟ್ಟಕ್ಕೆ ಹೋಗಲಿಲ್ಲ. ನಡುಮನೆಯಲ್ಲಿ ಎರಡು ಇಟ್ಟಿಗೆಗಳ ಮೇಲೆ, ಗೋಡೆಗೆ ತಾಗದಂತೆ, ಆಕೆಯೇ ಅದಕ್ಕೊಂದು ಸ್ಥಳವನ್ನು ಮಾಡಿದ್ದರು. ನಮ್ಮ ವಾಚಕರ ಅಟ್ಟಗಳ ಮೇಲೆಯೂ ಇಂಥ ಟ್ರಂಕುಗಳಿರಬಹುದು. ರದ್ದಿಯವನು ಬಾಗಿಲಿಗೆ ಬರುವ ಮುನ್ನ ಒಮ್ಮೆ ಇಳಿಸಿ ನೋಡಬೇಕೆಂಬುದೇ ನಮ್ಮ ಬಿನ್ನಹ.