ನಮ್ಮ ಜೀಪಿನ ಗೇರ್‌ಬಾಕ್ಸ್ ಎರಡು ಸಲ ಇಳಿದದ್ದೇಕೆ?



ಕಳೆದ ಸರ್ವಸದಸ್ಯರ ಸಭೆಯಲ್ಲಿ ಲೆಕ್ಕಪತ್ರ ಓದುತ್ತಿದ್ದಾಗ ಸದಸ್ಯರೊಬ್ಬರು, "ಜೀಪಿನ ಗೇರ್‌ಬಾಕ್ಸ್ ಇಳಿಸಿ ಏರಿಸಿದ ಕೂಲಿ ಎರಡು ಸಲ ಬಂದಿದೆಯಲ್ಲ ಸ್ವಾಮಿ?" ಎಂದು ಕೇಳಿದರು. ಕೇಳಿದ್ದು ಸರಿಯೇ. ಅಂದು ಸಮಯ ಸಾಲಲಿಲ್ಲ, ಈಗ ಬರೆಯುತ್ತಿದ್ದೇನೆ. ತಾಳವಾಡಿ ಕಡೆಯ ಅನೇಕರ ಮನೆಯಲ್ಲಿ ಇಂಥದೇ ಹಳೆಯ ಗಾಡಿಗಳಿವೆ, ಅವರಿಗೂ ಉಪಯೋಗವಾದೀತು.

ಪುಸ್ತಕ, ಕುರ್ಚಿ, ಮೈಕ್ ಸೆಟ್ ಹೊತ್ತು ತಿರುಗುವ ನಮ್ಮ ಜೀಪಿನ ನಾಲ್ಕು ಗೇರಿನ ಗೇರ್‌ಬಾಕ್ಸ್ ಸವೆದುಹೋಗಿತ್ತು. ಬೇರೆ ಮಾಡೆಲ್‌ನ ಐದು ಗೇರಿನದು ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕಿತು, ಹಾಕಿಸಿದೆವು. ತಿಂಗಳು ತುಂಬುವುದರೊಳಗೆ ಕ್ಲಚ್ ಒತ್ತಿದರೆ ಕಿರ್ರೆನ್ನುವ ಸದ್ದು, ರಿವರ್ಸ್ ಹಾಕಿದರೆ ಹಲ್ಲು ಕಡಿದಂತೆ ಶಬ್ದ.

ಗೇರ್‌ಬಾಕ್ಸಿನಿಂದ ಮುಂದಕ್ಕೆ ಚಾಚಿದ ಇನ್‌ಪುಟ್ ಶಾಫ್ಟ್ ಕ್ಲಚ್ ಪ್ಲೇಟಿನ ಮೂಲಕ ಹಾದುಹೋಗುತ್ತದೆ. ಅದರ ತುದಿ ಎಂಜಿನ್ನಿನ ಕ್ರ್ಯಾಂಕ್ ಶಾಫ್ಟಿನ ಹಿಂಬದಿಯ ತೂತಿನೊಳಗೆ ಒಂದು ಪುಟ್ಟ ಬೇರಿಂಗಿನಲ್ಲಿ ಕೂರುತ್ತದೆ. ಅದೇ ಪೈಲಟ್ ಬೇರಿಂಗ್. ಕೆಲವು ಗಾಡಿಗಳಲ್ಲಿ ಅದು ಕಂಚಿನ ಬುಷ್, ಕೆಲವಲ್ಲಿ ಸೂಜಿ ರೋಲರ್ ಅಥವಾ ಬಾಲ್ ಬೇರಿಂಗ್. ಪೆಡಲ್ ಬಿಟ್ಟಿರುವಾಗ ಎಂಜಿನ್ನೂ ಶಾಫ್ಟೂ ಒಟ್ಟಿಗೇ ತಿರುಗುವುದರಿಂದ ಅದಕ್ಕೆ ಕೆಲಸವಿಲ್ಲ. ಪೆಡಲ್ ಒತ್ತಿದಾಗ ಎಂಜಿನ್ ತಿರುಗುತ್ತಲೇ ಇರುತ್ತದೆ, ಶಾಫ್ಟ್ ನಿಧಾನವಾಗುತ್ತದೆ ಇಲ್ಲವೆ ನಿಲ್ಲುತ್ತದೆ. ಕೆಲಸ ಆಗಲೇ. ದಿಂಬಂ ಘಾಟಿಯ 27 ತಿರುವುಗಳಲ್ಲಿ ಎಷ್ಟು ಸಲ ಕ್ಲಚ್ ಒತ್ತುತ್ತೀರಿ, ಲೆಕ್ಕ ಹಾಕಿ. ಬುಷ್ ಸಡಿಲವಾದರೆ ಶಾಫ್ಟ್ ತುದಿ ಅಲುಗಾಡುತ್ತದೆ, ಕ್ಲಚ್ ಪೂರ್ತಿ ಬಿಡುವುದಿಲ್ಲ. ಹಾಗೇ ಓಡಿಸಿದರೆ ಗೇರ್‌ಬಾಕ್ಸಿನ ಮುಂದಿನ ಬೇರಿಂಗೂ ಹಾಳಾಗುತ್ತದೆ.

ಗಾಡಿ ನಿಲ್ಲಿಸಿ, ಕ್ಲಚ್ ಪೂರ್ತಿ ಒತ್ತಿ, ಗೇರ್ ಹಾಕಿ ಹಿಡಿದಾಗ ಸದ್ದು ಜೋರಾದರೆ ಸಂಶಯ ಪೈಲಟ್ ಬೇರಿಂಗಿನ ಮೇಲೆ. ನ್ಯೂಟ್ರಲ್‌ನಲ್ಲೇ, ಪೆಡಲ್ ಮುಟ್ಟಿದೊಡನೆ ಸದ್ದು ಬಂದರೆ ಮೊದಲು ಕ್ಲಚ್ ರಿಲೀಸ್ ಬೇರಿಂಗ್ ನೋಡಿಸಿ.

ನಮ್ಮಲ್ಲಿ ಆದ ತಪ್ಪು ಇಷ್ಟೇ. "ಹಳೇ ಬುಷ್ ಚೆನ್ನಾಗೇ ಇದೆ, ಬಿಡಿ ಸಾರ್" ಎಂದರು ಮೇಸ್ತ್ರಿ. ಪಕ್ಕದಲ್ಲೇ ನಿಂತಿದ್ದ ನಾನೂ ತಲೆಯಾಡಿಸಿದೆ. ಬುಷ್ ಚೆನ್ನಾಗಿಯೇ ಇತ್ತು, ಆದರೆ ಹಳೆಯ ಶಾಫ್ಟಿನ ಅಳತೆಗೆ! ಹೊಸ ಶಾಫ್ಟಿನ ತುದಿ ಕೊಂಚ ಸಪೂರ. ಮೂವತ್ತು ವರ್ಷ ಕಡತದ ಅಂಕಿ ತಾಳೆ ನೋಡಿದವನಿಗೆ ಅಲ್ಲಿ ವರ್ನಿಯರ್ ಹಿಡಿಯಬೇಕೆಂದು ತೋಚಲಿಲ್ಲ.

ಆದ್ದರಿಂದ ಗೇರ್‌ಬಾಕ್ಸ್ ಬದಲಿಸುವವರು ಅದನ್ನು ಎತ್ತುವ ಮೊದಲೇ ಕ್ರ್ಯಾಂಕಿನ ತೂತು, ಶಾಫ್ಟಿನ ತುದಿಯ ದಪ್ಪ, ತುದಿ ಒಳಗೆ ಎಷ್ಟು ಹೋಗುತ್ತದೆಂಬ ಉದ್ದ, ಮೂರನ್ನೂ ಅಳೆಯಿಸಿ. ಎರಡಕ್ಕೂ ಹೊಂದುವ ಬುಷ್ ಅಂಗಡಿಯಲ್ಲಿ ಸಿಗದಿದ್ದರೆ ಲೇತ್‌ನಲ್ಲಿ ಕಡೆಸಬಹುದು. ನಮ್ಮದು ಚಾಮರಾಜನಗರದಲ್ಲಿ ಕಡೆದದ್ದು.

ಹಳೆಯ ಬುಷ್ ತೆಗೆದ ಬಗೆ ನೋಡುವಂತಿತ್ತು. ತೂತಿಗೆ ಗ್ರೀಸ್ ತುಂಬಿ, ಬಿಗಿಯಾಗಿ ಹೊಂದುವ ಸರಳೊಂದನ್ನು ಇಟ್ಟು ಸುತ್ತಿಗೆಯಿಂದ ಹೊಡೆದರೆ, ಗ್ರೀಸಿನ ಒತ್ತಡಕ್ಕೆ ಬುಷ್ ತಾನಾಗಿ ಹಿಂದಕ್ಕೆ ಬರುತ್ತದೆ. ಆಮೇಲೆ ಆ ಗ್ರೀಸನ್ನೆಲ್ಲ ಒರೆಸಬೇಕು, ಕ್ಲಚ್ ಪ್ಲೇಟಿಗೆ ತಾಗಿದರೆ ಅದು ಜಾರುತ್ತದೆ. ಹೊಸದನ್ನು ನೇರವಾಗಿ, ಹೊರ ಅಂಚಿಗೆ ಸರಿಹೊಂದುವ ಸಾಕೆಟ್ ಇಟ್ಟು ಮೆಲ್ಲಗೆ ಬಡಿದು ಕೂರಿಸಬೇಕು. ಬಿಗಿಯಾಗಿ ಕೂತ ಮೇಲೆ ಬುಷ್ಷಿನ ಒಳತೂತು ತುಸು ಕುಗ್ಗುವುದುಂಟು, ಹಾಗಾಗಿ ಶಾಫ್ಟ್ ಸಲೀಸಾಗಿ ತಿರುಗುತ್ತದೆಯೇ ಎಂದು ಮತ್ತೆ ನೋಡಬೇಕು. ಎಣ್ಣೆ ಹೀರಿಕೊಳ್ಳುವ ರಂಧ್ರಕಂಚಿನ ಬುಷ್ ಆದರೆ ಎಂಜಿನ್ ಆಯಿಲ್‌ನಲ್ಲಿ ನೆನೆಸಿ ಹಾಕಿ. ಗ್ರೀಸ್ ಬೇಡ, ರಂಧ್ರ ಮುಚ್ಚುತ್ತದೆ.

ಕೊನೆಗೆ ಗೇರ್‌ಬಾಕ್ಸ್ ಕೂರಿಸುವಾಗ ಅದರ ಭಾರವನ್ನು ಶಾಫ್ಟಿನ ಮೇಲೆ ನೇತು ಬಿಡಬಾರದು, ಕೂರದಿದ್ದರೆ ಬೋಲ್ಟ್ ಬಿಗಿದು ಎಳೆಯಲೂಬಾರದು. ಹೊಸ ಬುಷ್ ಅಲ್ಲೇ ಕೆಡುತ್ತದೆ.

ಎರಡನೆಯ ಕೂಲಿ ಬುಷ್ಷಿನ ಬೆಲೆಯ ಎಷ್ಟೋ ಪಟ್ಟು. ವೋಚರುಗಳೂ ಹಳೆಯ ಬುಷ್ಷೂ ಕಚೇರಿಯ ಡ್ರಾಯರಿನಲ್ಲಿವೆ, ಭಾನುವಾರ ಬೆಳಗ್ಗೆ ಬಂದು ನೋಡಬಹುದು.

ಇಂತಿ,
ಕಾರ್ಯದರ್ಶಿ